ದೀಪದ ಕಾವಲುಗಾರ

ವಿದ್ಯುದ್ದೀಪವನ್ನು ಜನಬಳಕೆಗೆ ತಂದ ಥಾಮಸ್ ಆಲ್ವ ಎಡಿಸನ್ನನ ಹೆಸರನ್ನು ಕೇಳದವರು ವಿರಳ. ದೀಪದೊಡನೆ ಅದಕ್ಕೊಬ್ಬ ಕಾವಲುಗಾರನನ್ನೂ ಅವನು ಯೋಜಿಸಿದನೆಂಬುದನ್ನು ಬಲ್ಲವರು ಕಡಿಮೆ. ಆ ಕಾವಲುಗಾರನೇ ಫ್ಯೂಸ್.

ಎಡಿಸನ್ 1847ರಲ್ಲಿ ಅಮೆರಿಕದ ಮಿಲಾನ್ ಎಂಬ ಊರಿನಲ್ಲಿ ಜನಿಸಿದನು. ಶಾಲೆಯಲ್ಲಿ ಕಲಿತದ್ದು ಅತ್ಯಲ್ಪ. ತಾಯಿಯೇ ಅವನಿಗೆ ಗುರುವಾದಳು. ಬಾಲ್ಯದಲ್ಲಿಯೇ ಕಿವಿ ಮಂದವಾಯಿತು. ರೈಲಿನಲ್ಲಿ ಪತ್ರಿಕೆ ಮಾರುತ್ತಿದ್ದಾಗ ಅಲ್ಲಿಯೇ ಪ್ರಯೋಗಗಳನ್ನು ನಡೆಸುತ್ತಿದ್ದನು. ಒಮ್ಮೆ ಅವನ ರಾಸಾಯನಿಕಗಳಿಂದ ಡಬ್ಬಿಗೇ ಬೆಂಕಿ ಹತ್ತಿತು.

1879ರಲ್ಲಿ ಅವನ ದೀಪ ಬೆಳಗಿತು. ತಂತಿಯಲ್ಲಿ ವಿದ್ಯುತ್ತು ಮಿತಿಮೀರಿ ಹರಿದರೆ ಅಪಾಯವೆಂದು ಎಡಿಸನ್ ಅರಿತಿದ್ದನು. ಆದ್ದರಿಂದ ಮಾರ್ಗಮಧ್ಯದಲ್ಲಿ ತೆಳುವಾದ ತಂತಿಯೊಂದನ್ನಿರಿಸಿದನು. ಪ್ರವಾಹ ಹೆಚ್ಚಿದೊಡನೆ ಅದು ಕಾದು ಕರಗಿ, ಹರಿವನ್ನು ತಡೆಯುತ್ತದೆ. ಇದಕ್ಕೆ 1880ರಲ್ಲಿ ಪೇಟೆಂಟ್ ದೊರೆಯಿತು. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ಅವನ ವಿದ್ಯುತ್ ಕೇಂದ್ರ ಆರಂಭವಾಯಿತು. 1931ರಲ್ಲಿ ಅವನು ನಿಧನ ಹೊಂದಿದನು.

ಮೂಡುಬಿದಿರೆ, ಬಂಟ್ವಾಳಗಳ ರಸ್ತೆಗಳಲ್ಲಿ ಓಡುವ ಕಾರುಗಳಲ್ಲಿಯೂ ಇಂದು ಈ ತತ್ತ್ವವೇ ಅಡಗಿದೆ. ಬೆಳ್ತಂಗಡಿಯಿಂದ ಚಾರ್ಮಾಡಿ ಘಟ್ಟವನ್ನೇರುವಾಗ, ಮಳೆಗಾಲದ ಇರುಳಿನಲ್ಲಿ ಕಾರಿನ ದೀಪ ಆರಿತೆನ್ನೋಣ. ಸುಟ್ಟ ಫ್ಯೂಸಿನ ಸ್ಥಾನದಲ್ಲಿ ದಪ್ಪ ತಂತಿಯನ್ನು ಸಿಕ್ಕಿಸಿದರೆ ದೀಪವೇನೋ ಹೊತ್ತೀತು. ಆದರೆ ಕಾವಲುಗಾರನಿಲ್ಲದ ವಾಹನಕ್ಕೆ ಬೆಂಕಿಯೂ ಹತ್ತೀತು. ಹಿಂದಿದ್ದಷ್ಟೇ ಆಂಪಿಯರಿನ ಫ್ಯೂಸನ್ನು ಹಾಕಬೇಕು. ಅದೂ ಸುಟ್ಟರೆ, ಹೊದಿಕೆ ಸವೆದ ತಂತಿಯು ಕಾರಿನ ಲೋಹಕ್ಕೆ ತಗುಲಿದೆಯೋ ಎಂದು ಹುಡುಕಬೇಕು. ದೋಷವನ್ನು ತಿದ್ದಿದ ಮೇಲೆಯೇ ಪಯಣ ಮುಂದುವರಿಯಬೇಕು.

ಶಕ್ತಿಯನ್ನು ಕೊಡುವವನು ಅದರ ಮಿತಿಯನ್ನೂ ಯೋಚಿಸಬೇಕು. ಎಡಿಸನ್ ಹಾಗೆ ಯೋಚಿಸಿದ್ದರಿಂದಲೇ ಅವನ ದೀಪ ಮನೆಮನೆಗೂ ನಿರ್ಭಯವಾಗಿ ಪ್ರವೇಶಿಸಿತು.