ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007): ಗಣಕಯಂತ್ರದಲ್ಲಿ ಕನ್ನಡಕ್ಕಾಗಿ ದುಡಿದ ಸಾಹಿತಿ

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕು ಕನ್ನಡ ಸಾಹಿತ್ಯಕ್ಕೆ ಹಲವು ಹಿರಿಯರನ್ನು ನೀಡಿದೆ. ಮೇಳಿಗೆ ಗ್ರಾಮವು ಡಾ. ಯು.ಆರ್. ಅನಂತಮೂರ್ತಿಯವರ ಜನ್ಮಸ್ಥಳ, ಕುಪ್ಪಳಿಯು ರಾಷ್ಟ್ರಕವಿ ಕುವೆಂಪು ಅವರ ಮನೆತನದ ಊರು. ಕುವೆಂಪು ಮತ್ತು ಶ್ರೀಮತಿ ಹೇಮಾವತಿ ದಂಪತಿಯ ಹಿರಿಯ ಪುತ್ರರಾಗಿ 1938ರ ಸೆಪ್ಟೆಂಬರ್ 8ರಂದು ಜನಿಸಿದ ಶ್ರೀ ಪೂರ್ಣಚಂದ್ರ ತೇಜಸ್ವಿಯವರು ಕಾದಂಬರಿಕಾರರಾಗಿ ನಾಡಿಗೆಲ್ಲ ಪರಿಚಿತರು. ಜೀವನದ ಕೊನೆಯ ವರ್ಷಗಳಲ್ಲಿ ಅವರು ಕೈಗೆತ್ತಿಕೊಂಡ ಕಾರ್ಯವೊಂದು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಅರ್ಜಿ ಸಲ್ಲಿಸುವ ಪ್ರತಿಯೊಬ್ಬ ನಾಗರಿಕರಿಗೂ ಅದು ಸಂಬಂಧಿಸಿದ್ದಾಗಿದೆ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ಕನ್ನಡ ಸ್ನಾತಕೋತ್ತರ ಪದವಿ ಪಡೆದ ತೇಜಸ್ವಿಯವರು ಅಧ್ಯಾಪಕ ವೃತ್ತಿಯತ್ತ ಹೋಗದೆ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಕಾಫಿ ಬೆಳೆಗಾರರಾಗಿ ನೆಲೆಸಿದರು. 1966ರಲ್ಲಿ ಮಂತ್ರ ಮಾಂಗಲ್ಯ ವಿಧಾನದಲ್ಲಿ ಶ್ರೀಮತಿ ರಾಜೇಶ್ವರಿಯವರನ್ನು ವಿವಾಹವಾದರು. ಲೋಹಿಯಾ ವಿಚಾರಧಾರೆಯ ಪ್ರಭಾವಕ್ಕೆ ಒಳಗಾಗಿ ಸಮಾಜವಾದಿ ಚಳವಳಿಯಲ್ಲೂ ತೊಡಗಿಸಿಕೊಂಡಿದ್ದರು. ಅವರ ಚಿದಂಬರ ರಹಸ್ಯ ಕಾದಂಬರಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು.

ಪ್ರಶಸ್ತಿಗಳಿಗಿಂತ ಗಮನಾರ್ಹವಾದುದು ಅವರು ವಿಜ್ಞಾನವನ್ನು ತಿಳಿಸಿದ ರೀತಿ. 1980ರಲ್ಲಿ ಪ್ರಕಟವಾದ ಕರ್ವಾಲೊ ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಡುವ ವಿಜ್ಞಾನಿಗೆ ದಾರಿ ತೋರುವವನು ಮಂದಣ್ಣನೆಂಬ ಹಳ್ಳಿಯ ಯುವಕ. ಓದಿದವರು ಮೇಲೆ, ಓದದವರು ಕೆಳಗೆ ಎಂಬ ಭೇದ ಅಲ್ಲಿಲ್ಲ. ಪರಿಸರದ ಕಥೆ, ಮಿಸ್ಸಿಂಗ್ ಲಿಂಕ್, ಮಿಲೇನಿಯಂ ಸರಣಿ ಮುಂತಾದ ಕೃತಿಗಳಲ್ಲಿ ಪಕ್ಷಿ, ಜೀವವಿಕಾಸ, ಬಾಹ್ಯಾಕಾಶ, ಮಹಾಯುದ್ಧಗಳಂತಹ ವಿಷಯಗಳನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬೇಸರವಿಲ್ಲದೆ ಓದುವಂತೆ ನಿರೂಪಿಸಲಾಗಿದೆ. ಪಾರಿಭಾಷಿಕ ಪದಕ್ಕಾಗಿ ಅವರು ತಡಕಾಡಲಿಲ್ಲ. ಜನರ ಬಾಯಲ್ಲಿ ಇಂಗ್ಲಿಷ್ ಪದವೇ ಇದ್ದರೆ ಅದನ್ನೇ ಕನ್ನಡ ಲಿಪಿಯಲ್ಲಿ ಬರೆದರು. ಪಂಡಿತರಿಗೆ ಇದು ಹಿಡಿಸದಿರಬಹುದು, ಓದುಗರಿಗೆ ಹಿಡಿಸಿತು.

ಗಣಕಯಂತ್ರವು ಕಚೇರಿ ಮತ್ತು ಶಾಲೆಗಳಿಗೆ ಕಾಲಿಡುತ್ತಿದ್ದ ಕಾಲದಲ್ಲಿ ತೇಜಸ್ವಿಯವರ ಗಮನ ಅದರತ್ತ ಹರಿಯಿತು. ಯಂತ್ರದೊಳಗೆ ಸ್ಥಾನ ದೊರೆಯದ ಭಾಷೆಯು ಮುಂದೆ ಆಡಳಿತದಿಂದಲೂ ಶಿಕ್ಷಣದಿಂದಲೂ ತಾನಾಗಿ ಹೊರಬೀಳುವುದೆಂಬ ಆತಂಕ ಅವರದಾಗಿತ್ತು. ಈ ಆತಂಕಕ್ಕೆ ತಾಂತ್ರಿಕ ಕಾರಣವೂ ಇತ್ತು.

ಗಣಕಯಂತ್ರಕ್ಕೆ ಅಕ್ಷರವೆಂಬುದು ತಿಳಿಯದು. ಕೀಲಿಮಣೆಯ ಗುಂಡಿಯನ್ನು ಒತ್ತಿದಾಗ ಒಂದು ಸಂಕೇತ ಒಳಗೆ ಹೋಗುತ್ತದೆ. ತಂತ್ರಾಂಶವು ಅದನ್ನು ಅಕ್ಷರದ ಸಂಖ್ಯೆಯನ್ನಾಗಿ ಮಾಡುತ್ತದೆ. ಸ್ಮೃತಿಕೋಶದಲ್ಲಿ ಉಳಿಯುವುದು ಆ ಸಂಖ್ಯೆ ಮಾತ್ರ. ಅದಕ್ಕೆ ಸರಿಹೊಂದುವ ಆಕೃತಿಯನ್ನು ಫಾಂಟ್ ಎಂಬ ಕಡತದಿಂದ ತೆಗೆದು ಪರದೆಯ ಮೇಲೆ ತೋರಿಸಲಾಗುತ್ತದೆ. ಇಂಗ್ಲಿಷಿನ ಎ ಅಕ್ಷರಕ್ಕೆ 65 ಎಂಬ ಸಂಖ್ಯೆ ಬಹು ಹಿಂದೆಯೇ ನಿಗದಿಯಾಗಿತ್ತು. ಕನ್ನಡದಲ್ಲಿ ಆದದ್ದೇ ಬೇರೆ. ಒಂದೊಂದು ಸಂಸ್ಥೆಯ ಫಾಂಟ್ ಒಂದೊಂದು ಆಕೃತಿಗೆ ತನಗೆ ತೋಚಿದ ಸಂಖ್ಯೆ ನೀಡಿತು. ಒಂದು ಕಚೇರಿಯಲ್ಲಿ ಬೆರಳಚ್ಚಾದ ಪತ್ರವನ್ನು ಅದೇ ಫಾಂಟ್ ಇಲ್ಲದ ಇನ್ನೊಂದು ಕಚೇರಿಯಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸುತ್ತಿತ್ತು. ಹೆಸರನ್ನು ಹುಡುಕುವುದಾಗಲಿ, ಅಕಾರಾದಿಯಾಗಿ ಜೋಡಿಸುವುದಾಗಲಿ ಸುಲಭವಿರಲಿಲ್ಲ.

ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ವರ್ಣಕ್ಕೂ ಸ್ಥಿರ ಸಂಖ್ಯೆ ಇದೆ. ಕ ಅಕ್ಷರದ ಸಂಖ್ಯೆ 3221. ಜಗತ್ತಿನ ಯಾವ ಯಂತ್ರದಲ್ಲೂ ಅದೇ. ತೇಜಸ್ವಿ ಎಂಬ ಹೆಸರನ್ನೇ ತೆಗೆದುಕೊಂಡರೆ ಕಣ್ಣಿಗೆ ಕಾಣುವ ಅಕ್ಷರಗಳು 3, ಯಂತ್ರದಲ್ಲಿ ಉಳಿಯುವ ಸಂಕೇತಗಳು 7: ತಕಾರ, ಏತ್ವದ ದೀರ್ಘ, ಜಕಾರ, ಸಕಾರ, ಅರ್ಧಾಕ್ಷರದ ಚಿಹ್ನೆ, ವಕಾರ, ಗುಡಿಸು. ಇವುಗಳನ್ನು ಕೂಡಿಸಿ ಒತ್ತಕ್ಷರವಾಗಿ ಚಿತ್ರಿಸುವ ಹೊಣೆ ತಂತ್ರಾಂಶದ್ದು. ಕನ್ನಡಕ್ಕೆ ಈ ಸಂಖ್ಯೆಗಳು 1991ರಲ್ಲೇ ದೊರೆತಿದ್ದವು. ಆದರೆ ಸಾಮಾನ್ಯ ಬಳಕೆದಾರರ ವಿಂಡೋಸ್ ವ್ಯವಸ್ಥೆಯಲ್ಲಿ ಕನ್ನಡ ಯೂನಿಕೋಡ್ ಕೆಲಸ ಮಾಡತೊಡಗಿದ್ದು 2001ರ ಎಕ್ಸ್‌ಪಿ ಆವೃತ್ತಿಯಿಂದ.

ಭೂಮಿ ಯೋಜನೆಯಡಿ ಪಹಣಿಗಳ ಗಣಕೀಕರಣ ನಡೆದದ್ದೂ ಆ ವರ್ಷಗಳಲ್ಲಿಯೇ. ಮೇಳಿಗೆಯ ರೈತರೊಬ್ಬರು ತೀರ್ಥಹಳ್ಳಿ ತಾಲ್ಲೂಕು ಕಚೇರಿಯಲ್ಲಿ ಮುದ್ರಿತ ಪಹಣಿ ಪಡೆಯುವಾಗ ಅವರ ಹೆಸರು, ಸರ್ವೆ ನಂಬರು, ಬೆಳೆಯ ವಿವರ ಎಲ್ಲವೂ ಯಂತ್ರದೊಳಗಿನ ಕನ್ನಡವನ್ನೇ ಅವಲಂಬಿಸಿದ್ದವು. ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಅಲೆದಾಟ ತಪ್ಪದು.

ತೇಜಸ್ವಿಯವರು ತಂತ್ರಜ್ಞರಲ್ಲ. ಆದರೂ ತಿಳಿದವರನ್ನು ಕೇಳಿ, ತಾವೇ ಗಣಕಯಂತ್ರದ ಮುಂದೆ ಕುಳಿತು ವಿಷಯವನ್ನು ಅರಿತರು. ಪುಸ್ತಕ ಪ್ರಕಟಣೆ ಮತ್ತು ಛಾಯಾಗ್ರಹಣದಲ್ಲಿದ್ದ ಅವರ ಆಸಕ್ತಿ ಇದಕ್ಕೆ ನೆರವಾಯಿತು. ಕನ್ನಡ ತಂತ್ರಾಂಶವನ್ನು ಮಾರುಕಟ್ಟೆಯ ಲೆಕ್ಕಾಚಾರಕ್ಕೆ ಬಿಡದೆ ಸರ್ಕಾರ ಮತ್ತು ವಿಶ್ವವಿದ್ಯಾಲಯಗಳು ಹೊಣೆ ಹೊರಬೇಕೆಂದು ಲೇಖನಗಳ ಮೂಲಕ ಆಗ್ರಹಿಸಿದರು. ಮಾರಾಟದ ಲಾಭ ಕಡಿಮೆಯಿರುವ ಭಾಷೆಯ ಕೆಲಸವನ್ನು ಖಾಸಗಿ ಸಂಸ್ಥೆಗಳು ತಾವಾಗಿ ಮಾಡುವುದಿಲ್ಲವೆಂಬುದು ಅವರ ವಾದದ ತಿರುಳು. ಬರಹ, ನುಡಿ ತಂತ್ರಾಂಶಗಳು ಆಗಲೇ ಬಳಕೆಯಲ್ಲಿದ್ದರೂ ಕೆಲಸ ಮುಗಿಯಿತೆಂದು ಅವರು ಭಾವಿಸಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹೊರತಂದ ಕುವೆಂಪು ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು.

2007ರ ಏಪ್ರಿಲ್ 5ರಂದು ಮೂಡಿಗೆರೆಯ ನಿರುತ್ತರ ನಿವಾಸದಲ್ಲಿ ತೇಜಸ್ವಿಯವರು ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ 68 ವರ್ಷ. ಸರ್ಕಾರದ ಬಹುಪಾಲು ಕಡತಗಳು ಆಗಿನ್ನೂ ಹಳೆಯ ಫಾಂಟ್‌ಗಳಲ್ಲೇ ಇದ್ದವು. ಯೂನಿಕೋಡ್ ಆಡಳಿತದಲ್ಲಿ ನೆಲೆಯೂರಿದ್ದು ಅವರ ಕಾಲಾನಂತರ. ಕೈಫೋನಿನಲ್ಲಿ ಕನ್ನಡ ಬೆರಳಚ್ಚಿಸುವ ಸೌಲಭ್ಯ ಸಾಮಾನ್ಯವಾದುದನ್ನೂ ಅವರು ಕಾಣಲಿಲ್ಲ. ಅವರ ಸ್ಮಾರಕವು ಕುಪ್ಪಳಿಯಲ್ಲಿದೆ.