ಕಿವಿಯ ನಾಳಕ್ಕೆ ವೈದ್ಯರ ಹೆಸರು

ಮಕ್ಕಳೇ, ಆಕಳಿಸುವಾಗ ಕಿವಿಯೊಳಗೆ ‘ಟಕ್’ ಎಂದದ್ದನ್ನು ಗಮನಿಸಿದ್ದೀರಾ? ಮಧ್ಯಕಿವಿಯನ್ನು ಗಂಟಲಿಗೆ ಜೋಡಿಸುವ ಸಣ್ಣ ನಾಳವೊಂದು ಆಗ ತೆರೆದು, ಕಿವಿತಮಟೆಯ ಎರಡೂ ಬದಿಯ ಗಾಳಿಯ ಒತ್ತಡವನ್ನು ಸಮಗೊಳಿಸುತ್ತದೆ. ಇದೇ ಯುಸ್ಟೇಷಿಯನ್ ನಾಳ.

ಇಟಲಿಯ ವೈದ್ಯ ಬಾರ್ತೊಲೊಮಿಯೊ ಯುಸ್ಟಾಕಿ ರೋಮ್ ನಗರದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದರು. 1564ರಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ ಈ ನಾಳವನ್ನು ವಿವರಿಸಿದರು. ದೇಹದ ಭಾಗಗಳನ್ನು ತೋರಿಸುವ 47 ಚಿತ್ರಗಳನ್ನು ತಾಮ್ರದ ತಗಡುಗಳ ಮೇಲೆ ಕೊರೆಸಿದ್ದರು. ಅವರ ಕಾಲದಲ್ಲಿ ಅಚ್ಚಾದದ್ದು ಎಂಟು ಮಾತ್ರ. 1574ರಲ್ಲಿ ಅವರು ತೀರಿಕೊಂಡರು; ಉಳಿದ ಚಿತ್ರಗಳು ಮರೆಯಾದವು.

1704ರಲ್ಲಿ ವಾಲ್ಸಾಲ್ವಾ ಎಂಬ ವೈದ್ಯರು ನಾಳಕ್ಕೆ ಯುಸ್ಟಾಕಿಯವರ ಹೆಸರಿಟ್ಟರು. ಆ ಹೆಸರಿನ ಲ್ಯಾಟಿನ್ ರೂಪದಿಂದ ಇಂಗ್ಲಿಷ್ ಪದ ಬಂತು. 1714ರಲ್ಲಿ ಎಲ್ಲ ಚಿತ್ರಗಳೂ ಅಚ್ಚಾದವು. ಅವು ಮೊದಲೇ ಹೊರಬಂದಿದ್ದರೆ ಎಷ್ಟು ವೈದ್ಯರಿಗೆ ನೆರವಾಗುತ್ತಿತ್ತು! ನೀವು ಕಂಡುಕೊಂಡದ್ದನ್ನು ಬರೆದಿಡಿ, ಇತರರಿಗೂ ತೋರಿಸಿ.