ವಿದ್ಯುಚ್ಛಕ್ತಿಗೆ ದಾರಿ ಮಾಡಿದ ದಿವಾನರು: ಸರ್ ಕೆ. ಶೇಷಾದ್ರಿ ಅಯ್ಯರ್

ಬೆಂಗಳೂರಿನ ಶೇಷಾದ್ರಿಪುರದಲ್ಲಿ ವಾಸಮಾಡುವವರೂ ಕಬ್ಬನ್ ಉದ್ಯಾನದಲ್ಲಿ ಸಂಚರಿಸುವವರೂ ಸರ್ ಕೆ. ಶೇಷಾದ್ರಿ ಅಯ್ಯರ್‌ರವರ ಹೆಸರನ್ನು ಬಲ್ಲರು. ಆ ಮಹನೀಯರ ಕಾರ್ಯಗಳು ಹಲವು. ಅವುಗಳಲ್ಲಿ ಇಂದಿನ ಕಾಲಕ್ಕೆ ವಿಶೇಷವಾಗಿ ಬೋಧಪ್ರದವಾದುದು, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳವರೆಗೆ ಎಳೆಯಲ್ಪಟ್ಟ ವಿದ್ಯುತ್ತಂತಿಯ ಮಾರ್ಗ. ವಿದ್ಯುಚ್ಛಕ್ತಿಯ ಅಭಾವವೂ ತಂತಿಜಾಲದ ಸುಧಾರಣೆಯೂ ಎಲ್ಲೆಲ್ಲಿಯೂ ಚರ್ಚೆಗೆ ಬಂದಿರುವ ಈ ದಿನಗಳಲ್ಲಿ ಅವರ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಶೇಷಾದ್ರಿ ಅಯ್ಯರ್‌ರವರು 1845ನೆಯ ಇಸವಿಯಲ್ಲಿ ಮಲಬಾರಿನ ಪಾಲ್ಘಾಟ್ ಸೀಮೆಯಲ್ಲಿ ಜನಿಸಿದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗಮಾಡಿ, 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ರಂಗಾಚಾರ್ಲುರವರ ಪರಿಚಯವೂ ಪ್ರೋತ್ಸಾಹವೂ ಅವರಿಗೆ ಬೆಂಬಲವಾದುವು. ನ್ಯಾಯ ಮತ್ತು ಕಂದಾಯ ಇಲಾಖೆಗಳಲ್ಲಿ ಪಳಗಿದ ಅವರು, 1883ರಲ್ಲಿ ರಂಗಾಚಾರ್ಲುರವರು ಕಾಲವಾದೊಡನೆ ದಿವಾನಗಿರಿಯನ್ನು ವಹಿಸಿಕೊಂಡರು. 1876–78ರ ಭೀಕರ ಕ್ಷಾಮದಿಂದ ದೇಶವು ಜರ್ಜರಿತವಾಗಿದ್ದ ಕಾಲವದು. ಕೆರೆಕಾಲುವೆಗಳು, ರೈಲುದಾರಿಗಳು, ಬೆಂಗಳೂರಿಗೆ ಹೆಸರಘಟ್ಟದ ನೀರು, ಮಾರಿಕಣಿವೆಯ ಅಣೆಕಟ್ಟು ಇವೆಲ್ಲವೂ ಅವರ ಆಡಳಿತದ ಫಲಗಳು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಅಕಾಲದಲ್ಲಿ ಸ್ವರ್ಗಸ್ಥರಾದರು. ರಾಜಕುಮಾರರು ಅಪ್ರಾಪ್ತವಯಸ್ಕರು, ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾದರು. ರಾಜ್ಯಭಾರದ ಹೊರೆಯೆಲ್ಲವೂ ದಿವಾನರ ಹೆಗಲಿಗೆ ಬಿತ್ತು. ಇಂತಹ ಸಮಯದಲ್ಲಿ ಅವರು ಕೈಹಾಕಿದುದು ಶಿವನಸಮುದ್ರದ ಸಾಹಸಕ್ಕೆ.

ಆಗ ವಿದ್ಯುಚ್ಛಕ್ತಿಯು ಜಗತ್ತಿಗೇ ಹೊಸದು. ಅಮೆರಿಕದಲ್ಲಿ ನಯಾಗರಾ ಜಲಪಾತದ ಶಕ್ತಿಯು ಬಫಲೋ ನಗರವನ್ನು ಮುಟ್ಟಿದುದು 1896ರಲ್ಲಿ. ಆ ದೂರ ಮೂವತ್ತು ಮೈಲಿಗೂ ಕಡಮೆ. ನಮ್ಮ ದೇಶದಲ್ಲಿ ಡಾರ್ಜಿಲಿಂಗಿನ ಸಣ್ಣ ಯಂತ್ರಾಗಾರವೊಂದು 1897ರಲ್ಲಿ ಆರಂಭವಾಗಿತ್ತು. ಕಾವೇರಿಯ ಜಲಪಾತಕ್ಕೂ ಕೋಲಾರದ ಗಣಿಗಳಿಗೂ ನಡುವೆಯಾದರೋ 92 ಮೈಲಿಗಳ ಅಂತರ. ಅಷ್ಟು ದೂರಕ್ಕೆ ಶಕ್ತಿಯನ್ನು ಸಾಗಿಸುವುದಕ್ಕೆ ಅಂದು ಜಗತ್ತಿನಲ್ಲಿ ಮೇಲ್ಪಂಕ್ತಿ ವಿರಳವಾಗಿದ್ದಿತು.

ದಿವಾನರ ದೂರದೃಷ್ಟಿಯು ಇಲ್ಲಿಯೇ ವ್ಯಕ್ತವಾಗುತ್ತದೆ. ಮೊದಲು ಯಂತ್ರಗಳನ್ನು ತರಿಸಿ, ಆಮೇಲೆ ಗಿರಾಕಿಯನ್ನು ಹುಡುಕುವ ಮಾರ್ಗವನ್ನು ಅವರು ಹಿಡಿಯಲಿಲ್ಲ. ಗಣಿಗಳಲ್ಲಿ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದುವು. ಸೌದೆಯೂ ದೂರದಿಂದ ಬರುವ ಕಲ್ಲಿದ್ದಲೂ ದುಬಾರಿಯಾಗಿದ್ದುವು. ಹಗಲಿರುಳೆನ್ನದೆ ಒಂದೇ ಸಮನಾಗಿ ಶಕ್ತಿಯನ್ನು ಕೊಳ್ಳುವವರು ಗಣಿಯವರು. ಅವರೊಡನೆ ಕರಾರು ಮಾಡಿಕೊಂಡು, ಹೂಡಿದ ಹಣಕ್ಕೆ ಪ್ರತಿಫಲವು ನಿಶ್ಚಿತವಾದ ಮೇಲೆ, ಜಲಪಾತವನ್ನು ಖಾಸಗಿ ಕಂಪನಿಗೆ ಒಪ್ಪಿಸದೆ ಸರ್ಕಾರವೇ ಕೆಲಸವನ್ನು ಕೈಗೊಂಡಿತು. ನದಿಯ ಆಚೆಯ ದಡವಾದ ಕೊಳ್ಳೇಗಾಲವು ಅಂದು ಮದ್ರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದರಿಂದ ಆ ಸರ್ಕಾರದ ಒಪ್ಪಿಗೆಯೂ ಬೇಕಾಗಿದ್ದಿತು. ಯಂತ್ರವನ್ನು ತಿರುಗಿಸಿದ ನೀರು ಮರಳಿ ನದಿಯನ್ನೇ ಸೇರುವುದರಿಂದ ಕೆಳಗಿನ ರೈತರಿಗೆ ಒಂದು ಹನಿಯೂ ನಷ್ಟವಿರಲಿಲ್ಲ.

ಉಪ ಮುಖ್ಯ ಇಂಜಿನಿಯರಾಗಿದ್ದ ಜೋಲಿ ಡಿ ಲಾಟ್ಬಿನಿಯರ್‌ರವರನ್ನು 1899ರಲ್ಲಿ ಯೂರೋಪು ಅಮೆರಿಕಗಳಿಗೆ ಕಳುಹಿಸಲಾಯಿತು. ವಿದ್ಯುದ್ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದಲೂ, ನೀರಿನ ಚಕ್ರಗಳನ್ನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದಲೂ ತರಿಸಲಾಯಿತು. ಭಾರವಾದ ಆ ಸಾಮಗ್ರಿಗಳನ್ನು ರಸ್ತೆಯ ಮೇಲೆ ಎತ್ತುಗಳೂ ಆನೆಗಳೂ ಎಳೆದುವು. ಸುಮಾರು 400 ಅಡಿ ಎತ್ತರದಿಂದ ಕೊಳವೆಗಳಲ್ಲಿ ಧುಮುಕುವ ನೀರು ಚಕ್ರಗಳನ್ನು ತಿರುಗಿಸುವಂತೆ ಏರ್ಪಾಡಾಯಿತು. ಒತ್ತಡವು ಕಡಮೆಯಾದಷ್ಟೂ ತಂತಿಯಲ್ಲಿ ಶಕ್ತಿಯು ಶಾಖವಾಗಿ ವ್ಯರ್ಥವಾಗುವುದು ಹೆಚ್ಚು. ಆದಕಾರಣ ಮೂವತ್ತು ಸಾವಿರ ವೋಲ್ಟಿಗೂ ಕಡಮೆಯಿಲ್ಲದ ಒತ್ತಡದಲ್ಲಿ ಅದನ್ನು ಸಾಗಿಸಲಾಯಿತು.

1902ರ ಜೂನ್ 30ರಂದು ಕಾವೇರಿಯ ಶಕ್ತಿಯು ಕೋಲಾರದ ಗಣಿಗಳನ್ನು ತಲಪಿತು. ಅದನ್ನು ಕಾಣುವ ಭಾಗ್ಯವು ದಿವಾನರಿಗೆ ದೊರೆಯಲಿಲ್ಲ. ದೇಹಾಲಸ್ಯದಿಂದ ಅಧಿಕಾರವನ್ನು ಬಿಟ್ಟಿದ್ದ ಅವರು 1901ರ ಸೆಪ್ಟೆಂಬರಿನಲ್ಲಿಯೇ ದಿವಂಗತರಾಗಿದ್ದರು.

ಅವರ ಆಡಳಿತದಲ್ಲಿ ದೋಷವೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಉನ್ನತ ಹುದ್ದೆಗಳು ಮದ್ರಾಸಿನವರ ಪಾಲಾದುವೆಂಬ ಅಸಮಾಧಾನವು ಮೈಸೂರಿಗರಲ್ಲಿ ಬಲವಾಗಿದ್ದಿತು. ಶಿವನಸಮುದ್ರದ ಶಕ್ತಿಯೂ ಮೊದಲು ದುಡಿದುದು ಆಂಗ್ಲ ಕಂಪನಿಗಳ ಚಿನ್ನಕ್ಕಾಗಿಯೇ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದುದು 1905ರಲ್ಲಿ. ತಂತಿಯ ಕೆಳಗೇ ಉಳುತ್ತಿದ್ದ ಹಳ್ಳಿಗರು ಇನ್ನೂ ದಶಕಗಳ ಕಾಲ ಎಣ್ಣೆಯ ದೀಪದಲ್ಲಿಯೇ ಇದ್ದರು. ಆದರೆ ಗಣಿಗಳ ಹಣದಿಂದ ನಿಂತ ಮಾರ್ಗವೇ ಮುಂದೆ ನಾಡಿನ ಸೊತ್ತಾಯಿತೆಂಬುದನ್ನೂ ಮರೆಯಲಾಗದು.

ಆ ಮಾರ್ಗವನ್ನು ಹಾಕಿದಂತೆಯೇ ಉಳಿಸಿಕೊಂಡಿದ್ದರೆ ಅದು ಎಂದೋ ನಿರುಪಯುಕ್ತವಾಗುತ್ತಿದ್ದಿತು. ಬೇಡಿಕೆ ಬೆಳೆದಂತೆ ಯಂತ್ರಗಳು ಹೆಚ್ಚಿ, ಯಂತ್ರಾಗಾರದ ಶಕ್ತಿಯು ಕ್ರಮೇಣ 42 ಮೆಗಾವ್ಯಾಟಿಗೆ ಏರಿತು. ಬೇಸಗೆಯಲ್ಲಿ ನದಿ ಬತ್ತಿ ಯಂತ್ರಗಳು ಸೊರಗುತ್ತಿದ್ದುವು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಈ ಕೊರತೆಯನ್ನು ನೀಗುವುದೂ ಒಂದು. ಮೊದಲು 25 ಸೈಕಲ್ಲಿನದಾಗಿದ್ದ ಪ್ರವಾಹವನ್ನು ಮುಂದೆ ಎಲ್ಲೆಡೆಗೂ ಹೊಂದುವಂತೆ 50ಕ್ಕೆ ಬದಲಿಸಲಾಯಿತು. ಶಿಂಷಾ, ಜೋಗ, ಶರಾವತಿಗಳು ಒಂದಾದಮೇಲೊಂದು ಸೇರಿಕೊಂಡುವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಸಾವಿರ ವೋಲ್ಟಿನ ಮಾರ್ಗದಿಂದ ದಕ್ಷಿಣದ ಜಾಲವು ಅಖಿಲ ಭಾರತದ ಜಾಲದೊಡನೆ ಒಂದಾಯಿತು. ಪ್ರಥಮ ಗಿರಾಕಿಯಾದ ಕೋಲಾರದ ಗಣಿಯು 2001ರಲ್ಲಿ ಮುಚ್ಚಿತು. ಅದಕ್ಕಾಗಿ ಹುಟ್ಟಿದ ಜಾಲವು ಮಾತ್ರ ಬೆಳೆಯುತ್ತಲೇ ಇದೆ.

ಈಗ ಕಾಲವು ಮತ್ತೊಮ್ಮೆ ಬದಲಾಗಿದೆ. ಪಾವಗಡದ ಬಯಲಿನಲ್ಲಿ ಸೂರ್ಯನಿಂದಲೇ 2,050 ಮೆಗಾವ್ಯಾಟ್ ಶಕ್ತಿಯನ್ನು ಪಡೆಯುವ ಏರ್ಪಾಡಾಗಿದೆ. ಆದರೆ ಮನೆಮನೆಯ ದೀಪ ಹೊತ್ತುವ ವೇಳೆಗೆ ಸೂರ್ಯನು ಅಸ್ತಮಿಸುತ್ತಾನೆ. ಗಾಳಿಯು ತನ್ನ ಋತುವಿನಲ್ಲಿ ಬೀಸುತ್ತದೆಯೇ ಹೊರತು ನಮ್ಮ ಅಪೇಕ್ಷೆಯಂತೆ ಬೀಸದು. ಹಗಲಿನ ಶಕ್ತಿಯನ್ನು ಬ್ಯಾಟರಿಗಳಲ್ಲಿ ಸಂಗ್ರಹಿಸಿ ಅಥವಾ ಅದರಿಂದಲೇ ನೀರನ್ನು ಮೇಲಿನ ಜಲಾಶಯಕ್ಕೆತ್ತಿ ಸಂಜೆಗೆ ಒದಗಿಸಬೇಕು. ಉತ್ಪತ್ತಿಯ ಸ್ಥಳದಿಂದ ಬೇಡಿಕೆಯ ಸ್ಥಳಕ್ಕೆ ಸಮರ್ಥವಾದ ಮಾರ್ಗಗಳನ್ನು ಹಾಕಬೇಕು. ಹೊಸ ಸ್ಥಾವರಗಳ ಉದ್ಘಾಟನೆಗೆ ಇರುವ ಉತ್ಸಾಹವು ತಂತಿ, ಪರಿವರ್ತಕ, ಸಂಗ್ರಹಗಳ ವಿಷಯದಲ್ಲಿಯೂ ಇರುವುದು ಅಗತ್ಯ. ಹೊಲದ ಮೇಲೆ ತಂತಿ ಹಾಯುವ ರೈತನಿಗೆ ಯೋಗ್ಯ ಪರಿಹಾರವೂ ಅವನ ಮನೆಗೆ ನಿಶ್ಚಿತವಾದ ದೀಪವೂ ದೊರೆಯಬೇಕು. ಹಿಂದಿನವರು ಬಿಟ್ಟ ಕೊರತೆಯನ್ನು ನಾವೂ ಬಿಡಬಾರದು.

ಸಂಸ್ಥಾನವು ಚಿಕ್ಕದಾಗಿದ್ದು, ವಿದ್ಯೆಯು ಹೊಸದಾಗಿದ್ದ ದಿನಗಳಲ್ಲಿ ಶೇಷಾದ್ರಿ ಅಯ್ಯರ್‌ರವರು ಬೇಡಿಕೆಯನ್ನೂ ನೀರನ್ನೂ ದಾರಿಯನ್ನೂ ಏಕಕಾಲದಲ್ಲಿ ಯೋಚಿಸಿದರು. ತಾವು ಕಾಣಲಾರದ ದೀಪಕ್ಕೆ ಮಾರ್ಗ ಮಾಡಿದರು. ಇಂದು ಆಡಳಿತದ ಸ್ಥಾನಗಳಲ್ಲಿರುವವರು ಅವರ ಪ್ರತಿಮೆಗೆ ಹಾರ ಹಾಕುವುದರೊಂದಿಗೆ ಅವರ ಈ ಕ್ರಮವನ್ನೂ ಅನುಸರಿಸಿದರೆ ನಾಡಿಗೆ ಶ್ರೇಯಸ್ಸು.